ಬಂದವರ ಖರ್ಚು ಯಾವ ಹೆಡ್ಡಿಗೆ?



ಈ ಸಂಕಿರಣದ ಆಹ್ವಾನ ಪತ್ರಿಕೆಯ ಪ್ರಕಾರ ಈ ಹೊತ್ತಿಗೆ ನನ್ನ ಮಾತು ಮುಗಿದು ನೀವೆಲ್ಲ ಚಹಾ ಕುಡಿಯುತ್ತಿರಬೇಕಿತ್ತು. ಹಾಗಾಗಿ ವಿದ್ಯಾರ್ಥಿ ವಿನಿಮಯದ ಬಗ್ಗೆ ಈವರೆಗೆ ನಡೆದ ಅಧ್ಯಯನಗಳ ಸಮೀಕ್ಷೆಯನ್ನು ಕೈಬಿಡುತ್ತೇನೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಕೂತಿದ್ದಾರೆ. ಕ್ರೆಡಿಟ್ ವರ್ಗಾವಣೆಯ ಕಗ್ಗಂಟನ್ನು ಬಿಡಿಸುತ್ತ ಬಂದ ಧಾರವಾಡದ ಮೇಡಂ ಎರಡನೇ ಸಾಲಿನಲ್ಲಿದ್ದಾರೆ. ವಿದೇಶ ವಿದ್ಯಾರ್ಥಿವೇತನ ಯಾವ ಮನೆಗಳ ಮಕ್ಕಳಿಗೆ ತಲುಪುತ್ತದೆ, ಯಾವ ಮನೆಗಳಿಗೆ ತಲುಪುವುದಿಲ್ಲ ಎಂದು ಕೆಲಸ ಮಾಡಿದವರು ಅವರ ಹಿಂದೆ ಕೂತು ಈಗಾಗಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದಾರೆ. ಅದು ನನಗೆ ಒಳ್ಳೆಯ ಲಕ್ಷಣವಲ್ಲ. ಹೆಸರು ಹಿಡಿದು ಹೇಳುವುದಿಲ್ಲ. ಒಬ್ಬರ ಹೆಸರು ಬಿಟ್ಟುಹೋದರೆ ಮಧ್ಯಾಹ್ನದ ಊಟದಲ್ಲಿ ಪಕ್ಕದ ಕುರ್ಚಿ ಖಾಲಿ ಉಳಿಯುತ್ತದೆ.

ಬಹಳ ವರ್ಷಗಳಿಂದ ನನ್ನನ್ನು ಕಾಡುತ್ತಿರುವುದು ಒಂದೇ ಸಂಗತಿ. ಅಂತರರಾಷ್ಟ್ರೀಯ ಕಲಿಕಾ ವಿನಿಮಯದ ಹಣಕಾಸಿನ ಬಗ್ಗೆ ನಾವು ಬರೆದದ್ದೆಲ್ಲ ಹೋಗುವವರ ಬಗ್ಗೆ. ಎಷ್ಟು ಮಂದಿ ಹೋದರು, ವಿಮಾನದ ಟಿಕೆಟ್ ಯಾರು ಕೊಟ್ಟರು, ಹೋಗಿ ಬಂದ ಮೇಲೆ ಕೆಲಸ ಸಿಕ್ಕಿತೇ? ಬಂದವರನ್ನು ಇರಿಸಿಕೊಂಡವರ ಲೆಕ್ಕವನ್ನು ಯಾರೂ ಬರೆಯಲಿಲ್ಲ. ವಿನಿಮಯ ಎಂದ ಮೇಲೆ ಎರಡು ಮನೆ ಇರಬೇಕು. ನಮ್ಮ ಶಾಸ್ತ್ರದಲ್ಲಿ ಒಂದು ಮನೆಗೆ ಮಾತ್ರ ದೀಪ ಹಚ್ಚಿದೆ.

ಈ ಕ್ಷೇತ್ರದ ಹುಟ್ಟುಕತೆಯಲ್ಲೇ ಆ ವಾಲಿಕೆ ಇದೆ ಅನ್ನಿಸುತ್ತದೆ. ಇಟಲಿಯ ಸೋಫಿಯಾ ಕೊರಾದಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1958ರಲ್ಲಿ ರೋಮಿಗೆ ಮರಳಿದಾಗ ಅವರ ವಿಶ್ವವಿದ್ಯಾಲಯ ಆ ಪದವಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಓದು ಬಿಟ್ಟು ಊರು ಸುತ್ತಿ ಬಂದವಳೆಂಬಂತೆ ನೋಡಿತು. ಆ ಅವಮಾನವನ್ನು ಅವರು ಮರೆಯಲಿಲ್ಲ. ಹೊರದೇಶದಲ್ಲಿ ಓದಿದ್ದಕ್ಕೆ ಮನ್ನಣೆ ಸಿಗಬೇಕೆಂದು ದಶಕಗಳ ಕಾಲ ಬೆನ್ನುಹತ್ತಿದರು. 1987ರಲ್ಲಿ ಯೂರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್ ಶುರುವಾದಾಗ 11 ದೇಶಗಳ 3,244 ವಿದ್ಯಾರ್ಥಿಗಳು ಹೊರಟರು. ‘ಎರಾಸ್ಮಸ್ಸಿನ ಅಮ್ಮ’ ಎಂದೇ ಹೆಸರಾದ ಕೊರಾದಿ 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆಕೆಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಗಮನಿಸಿ, ಅದು ಹೋಗಿ ಬಂದವಳ ಕತೆ. ಕೊಲಂಬಿಯಾದಲ್ಲಿ ಆಕೆಗೆ ಪಾಠ ಹೇಳಿದವರು, ರೂಮು ಕೊಟ್ಟವರು, ಜ್ವರ ಬಂದಾಗ ಔಷಧಿ ತಂದುಕೊಟ್ಟವರು ಯಾರೋ ಇದ್ದಿರಲೇಬೇಕು. ಕತೆಯಲ್ಲಿ ಅವರಿಗೆ ಜಾಗವಿಲ್ಲ.

2014ರಲ್ಲಿ ಯೂರೋಪಿನವರು ಶಿಕ್ಷಣ, ತರಬೇತಿ, ಯುವಜನ, ಕ್ರೀಡೆ ಎಲ್ಲವನ್ನೂ ಒಟ್ಟುಗೂಡಿಸಿ ಎರಾಸ್ಮಸ್ ಪ್ಲಸ್ ಎಂದು ಕರೆದರು. 2021ರಿಂದ 2027ರವರೆಗಿನ ಕಂತಿಗೆ ಸುಮಾರು 2,600 ಕೋಟಿ ಯೂರೊ. ಅದರಲ್ಲಿ ನೂರಕ್ಕೆ 83 ಭಾಗ ಶಿಕ್ಷಣ ಮತ್ತು ತರಬೇತಿಗೆ, ಹತ್ತಕ್ಕೆ ತುಸು ಮೇಲೆ ಯುವಜನಕ್ಕೆ, ಎರಡಕ್ಕೂ ಕಡಿಮೆ ಕ್ರೀಡೆಗೆ. ವಿದ್ಯಾರ್ಥಿಗೆ ಪ್ರಯಾಣವೆಚ್ಚ, ತಿಂಗಳ ಭತ್ಯೆ. ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಪ್ರಯೋಗಾಲಯದ ಶುಲ್ಕ ಯಾವುದನ್ನೂ ಕೇಳುವಂತಿಲ್ಲ. ಉದಾತ್ತವಾದ ನಿಯಮವೇ. ನಿಮ್ಮ ಹುಡುಗ ನಮ್ಮಲ್ಲಿ, ನಮ್ಮ ಹುಡುಗ ನಿಮ್ಮಲ್ಲಿ, ಸರಿಗೆ ಸರಿ. ಹೋಗುವವರ ಸಂಖ್ಯೆಯೂ ಬರುವವರ ಸಂಖ್ಯೆಯೂ ಸಮವಾಗಿದ್ದರೆ ತಕರಾರಿಲ್ಲ.

ಸಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ನೋಡಿ. ಅಲ್ಲಿಂದ ಹೋಗುವವರಿಗಿಂತ ಅಲ್ಲಿಗೆ ಬರುವವರೇ ಬಹಳ. 2020ರ ಡಿಸೆಂಬರಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಎರಾಸ್ಮಸ್ ವಿಪರೀತ ದುಬಾರಿಯೆಂದು ಹೇಳಿ ಹೊರಬಂದರು. ಬಂದ ಅತಿಥಿ ಬಜೆಟ್ಟಿನಲ್ಲಿ ನಷ್ಟದ ಬಾಬತ್ತಾದ. ವಿಶ್ವವಿದ್ಯಾಲಯಗಳು ಪ್ರತಿವಾದ ಹೂಡಿದವು, ಸಂತೋಷ. ಆದರೆ ಹೂಡಿದ ವಾದ ಯಾವುದು? ಬಂದವರು ಬಾಡಿಗೆ, ಊಟ, ಓಡಾಟಕ್ಕೆ ಮಾಡುವ ಖರ್ಚಿನಿಂದ ದೇಶಕ್ಕೆ ಲಾಭವೇ ಆಗುತ್ತದೆ ಎಂದು. ಅತಿಥಿ ಮತ್ತೆ ಗಿರಾಕಿಯಾದ. ಎರಾಸ್ಮಸ್ಸಿನ ಜಾಗಕ್ಕೆ ಬಂದ ಟ್ಯೂರಿಂಗ್ ಯೋಜನೆಗೆ ಮೊದಲ ವರ್ಷ 11 ಕೋಟಿ ಪೌಂಡ್ ಕೊಟ್ಟರು. ಹೋಗುವವರಿಗೆ ಮಾತ್ರ ಹಣ, ಬರುವವರಿಗೆ ಬಿಡಿಗಾಸಿಲ್ಲ, ಅಧ್ಯಾಪಕರಿಗೂ ಇಲ್ಲ. ಈಗ 2027ರಿಂದ ಮತ್ತೆ ಎರಾಸ್ಮಸ್ಸಿಗೆ ಸೇರುವ ತೀರ್ಮಾನವಾಗಿದೆ. ಹಳೆಯ ಲೆಕ್ಕದ ಜಗಳ ಬಗೆಹರಿದು ಸೇರುತ್ತಿದ್ದಾರೋ, ಮರೆತು ಸೇರುತ್ತಿದ್ದಾರೋ, ಕಾದು ನೋಡಬೇಕು.

ಇದೇ ಗಲಾಟೆಯ ನಡುವೆ ಬ್ರಿಟನ್ನಿನದೇ ಭಾಗವಾದ ವೇಲ್ಸ್ ಒಂದು ಕೆಲಸ ಮಾಡಿತು. ಸುಮಾರು ನಮ್ಮ ಮೈಸೂರು ಜಿಲ್ಲೆಯಷ್ಟು ಜನರಿರುವ ನಾಡು ಅದು. ಲಂಡನ್ನಿನ ಯೋಜನೆ ಸಾಲದೆಂದು 6.5 ಕೋಟಿ ಪೌಂಡಿನ ತನ್ನದೇ ಯೋಜನೆ ಮಾಡಿ ‘ಟೈಥ್’ ಎಂದು ಹೆಸರಿಟ್ಟಿತು. ಶಾಲೆ, ಕಾಲೇಜು, ಯುವಜನ ಸಂಘ, ವಯಸ್ಕರ ಶಿಕ್ಷಣ, ಎಲ್ಲಕ್ಕೂ ಪಾಲು. 2021ರಲ್ಲಿ ಘೋಷಿಸುವಾಗಲೇ, ನಾಲ್ಕು ವರ್ಷಗಳಲ್ಲಿ 15,000 ಮಂದಿಯನ್ನು ಕಳಿಸುತ್ತೇವೆ, 10,000 ಮಂದಿಯನ್ನು ಬರಮಾಡಿಕೊಳ್ಳುತ್ತೇವೆ ಎಂದರು. ಆ ಎರಡನೇ ಸಂಖ್ಯೆ ನನಗೆ ಮುಖ್ಯ. ಗುರಿ ಮುಟ್ಟಿದರೋ ಇಲ್ಲವೋ ಅದು ಬೇರೆ ಚರ್ಚೆ. ಬರುವವರಿಗೂ ತನ್ನ ಬೊಕ್ಕಸದಿಂದ ತೆಗೆದಿಡುತ್ತೇನೆ ಎಂದು ಒಂದು ಸರ್ಕಾರ ಬರೆದುಕೊಟ್ಟಿತಲ್ಲ, ನಾನು ಅದನ್ನು ಹಿಡಿದುಕೊಂಡಿದ್ದೇನೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಸಂಚಾಲಕರು ಕ್ಷಮಿಸಬೇಕು. ವಿದೇಶಿ ವಿದ್ಯಾರ್ಥಿಗಳ ಘಟಕ ನನ್ನ ಕೈಯಲ್ಲಿದ್ದ ಕಾಲ. ಯೂರೋಪಿನ ಒಂದು ವಿಶ್ವವಿದ್ಯಾಲಯದಿಂದ ಕೆಲವು ಹುಡುಗಿಯರು ಒಂದು ಸೆಮಿಸ್ಟರಿಗೆಂದು ಬಂದರು. ಬೆಂಗಳೂರಿನಿಂದ ಅವರನ್ನು ಹೊತ್ತ ಬಸ್ಸು ಬಂದದ್ದು ರಾತ್ರಿ ಹತ್ತರ ಮೇಲೆ. ವಿದೇಶೀಯರಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ಸಿ ಫಾರಂ ತುಂಬಬೇಕು ಎಂಬುದು ಆಗಿನ ನಿಯಮ. ಹಾಸ್ಟೆಲ್ಲಿನ ಇಂಟರ್‌ನೆಟ್ ಎಂದಿನಂತೆ ಸತ್ತಿತ್ತು. ವಾರ್ಡನ್ ತಮ್ಮ ಮೊಬೈಲಿನ ಡೇಟಾ ಹಾಕಿಕೊಂಡು, ಒಬ್ಬೊಬ್ಬಳ ಪಾಸ್‌ಪೋರ್ಟ್, ವೀಸಾದ ಪುಟ ಫೋಟೊ ತೆಗೆದು ಏರಿಸುತ್ತಾ ಕೂತರು. ಗಾತ್ರ ಜಾಸ್ತಿಯಾಯಿತೆಂದು ಪೋರ್ಟಲ್ ವಾಪಸ್ ತಳ್ಳುತ್ತಿತ್ತು. ಕಿರಿದು ಮಾಡಿದರೆ ಮುಖ ಕಾಣುತ್ತಿಲ್ಲವೆನ್ನುತ್ತಿತ್ತು. ಮುಗಿಯುವಾಗ ಮಧ್ಯರಾತ್ರಿ ದಾಟಿತ್ತು. ಆಮೇಲೆ ಆಕೆಯೇ ಅಡುಗೆಮನೆಗೆ ಹೋಗಿ ಉಳಿದ ಅನ್ನಕ್ಕೆ ಮೊಸರು ಕಲೆಸಿ ಕೊಟ್ಟರು. ಆ ಸೆಮಿಸ್ಟರಿಡೀ ಅವರೇ ಈ ಹುಡುಗಿಯರ ಆಸ್ಪತ್ರೆ, ಬ್ಯಾಂಕು, ಪೊಲೀಸ್ ಠಾಣೆ.

ಕೊನೆಗೆ ಗೀಸರ್ ರಿಪೇರಿ, ಕುಡಿಯುವ ನೀರಿನ ಕ್ಯಾನು, ಮೆಸ್ಸಿನಲ್ಲಿ ಬೇರೆಯಾಗಿ ಮಾಡಿಸಿದ ಖಾರವಿಲ್ಲದ ಸಾರು, ಎಲ್ಲ ಸೇರಿಸಿ ಬಿಲ್ಲು ಕಳಿಸಿದೆ. ಲೆಕ್ಕಪತ್ರ ವಿಭಾಗದ ಸೂಪರಿಂಟೆಂಡೆಂಟರು ಫೈಲು ಹಿಡಿದುಕೊಂಡು ತಾವೇ ಬಂದರು. ಒಳ್ಳೆಯ ಮನುಷ್ಯ, ಕಿರಿಕಿರಿ ಮಾಡುವವರಲ್ಲ. “ಸರ್, ಕೊಡಬಾರದು ಅಂತಲ್ಲ. ಇದನ್ನ ಯಾವ ಹೆಡ್ಡಿಗೆ ಹಾಕ್ಲಿ ಹೇಳಿ” ಅಂದರು. ನಮ್ಮವರನ್ನು ಹೊರಗೆ ಕಳಿಸಲು ಬಜೆಟ್ಟಿನಲ್ಲಿ ಹೆಡ್ಡು, ಅಂದರೆ ಲೆಕ್ಕದ ಬಾಬತ್ತು, ಇತ್ತು. ಬಂದವರನ್ನು ನೋಡಿಕೊಳ್ಳಲು ಇರಲಿಲ್ಲ. ಆಕಸ್ಮಿಕ ವೆಚ್ಚ ಎಂದು ಬರೆದು ಮುಗಿಸಿದರು. ಒಂದು ವರ್ಷ ಮೊದಲೇ ಸಹಿ ಹಾಕಿದ ಒಪ್ಪಂದದ ಪ್ರಕಾರ ಬಂದ ಅತಿಥಿಗಳು ನಮ್ಮ ಕಡತದಲ್ಲಿ ಆಕಸ್ಮಿಕ!

ಎರಾಸ್ಮಸ್ಸಿನಲ್ಲಿ ಹೊರದೇಶಗಳೊಡನೆ ನಡೆಯುವ ಇಂಥ ಓಡಾಟಕ್ಕೆ ಅರ್ಜಿ ಹಾಕಬೇಕಾದವರು ಯೂರೋಪಿನ ಕಡೆಯವರು. ನಾವು ನೇರವಾಗಿ ಹಾಕುವಂತಿಲ್ಲ. ಹಣ ಅವರ ಖಾತೆಗೆ, ವರದಿ ಅವರ ಭಾಷೆಯಲ್ಲಿ. ನಿರ್ವಹಣೆಗೆಂದು ಬರುವ ಮೊತ್ತವನ್ನು ಪರಸ್ಪರ ಒಪ್ಪಿ ಹಂಚಿಕೊಳ್ಳಿ ಎನ್ನುತ್ತದೆ ನಿಯಮ. ಕೊಡುವ ಕೈಯೊಡನೆ ಕುಳಿತು ‘ಪರಸ್ಪರ ಒಪ್ಪುವುದು’ ಹೇಗಿರುತ್ತದೆಂದು ಈ ಸಭೆಗೆ ವಿವರಿಸಬೇಕಿಲ್ಲ.

ಎರಾಸ್ಮಸ್ಸಿನ ಯುವಜನ ವಿನಿಮಯದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಅಲ್ಲಿ 13ರಿಂದ 30 ವರ್ಷದವರ ಗುಂಪುಗಳು ಐದರಿಂದ 21 ದಿನ ಒಟ್ಟಿಗಿರಬೇಕು. ಬರಮಾಡಿಕೊಳ್ಳುವ ಊರಿನ ಗುಂಪೂ ಪಾಲುಗೊಳ್ಳಲೇಬೇಕು. ಆತಿಥೇಯರಿಲ್ಲದೆ ಕಾರ್ಯಕ್ರಮವೇ ಇಲ್ಲ. ಕ್ರೀಡೆಯಲ್ಲೂ ಹಾಗೆಯೇ, ಬಂದ ತಂಡಕ್ಕೆ ಎದುರು ಆಡಲು ಒಂದು ತಂಡ ಬೇಕಲ್ಲ! ಆದರೆ ಎರಾಸ್ಮಸ್ಸಿನ ಕ್ರೀಡಾ ಪಾಲು ಬಹುಮಟ್ಟಿಗೆ ಸಂಘಸಂಸ್ಥೆಗಳ ಜಂಟಿ ಯೋಜನೆಗಳಿಗೆ ಹೋಗುತ್ತದೆ. ತರಬೇತುದಾರರ ಕಲಿಕಾ ಓಡಾಟಕ್ಕೆ ಬಾಗಿಲು ತೆರೆದದ್ದೇ 2023ರಲ್ಲಿ. ಉಳಿದದ್ದನ್ನು ದೈಹಿಕ ಶಿಕ್ಷಣದ ಮಿತ್ರರು ನಾಳೆ ಹೇಳುತ್ತಾರೆ.

ಇನ್ನು ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಬರುತ್ತೇನೆ. ಆತಿಥೇಯರಿಗೆ ಹಣ ಕೊಡಬೇಕು ಎಂದು ನಾನು ಹೇಳಿದೊಡನೆ ಹಿರಿಯ ಮಿತ್ರರೊಬ್ಬರು, ಈಗಲೂ ಮುಂದಿನ ಸಾಲಿನಲ್ಲೇ ಇದ್ದಾರೆ, ಪ್ರತಿಸಲವೂ ಒಂದೇ ಮಾತು ಹೇಳುತ್ತಾರೆ: “ದುಡ್ಡು ಇಸಕೊಂಡರೆ ಅದು ಲಾಡ್ಜು ಕಣಯ್ಯ.” ಅವರ ಪಕ್ಷಕ್ಕೆ ಬಲವಾದ ಸಾಕ್ಷಿ ನಮ್ಮ ಸಾಹಿತ್ಯದಲ್ಲೇ ಇದೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿಗೆ ಹೋದದ್ದು, ಬರ್ಗ್‌ಮನ್ನನ ಸಿನಿಮಾ ನೋಡಿ ಅಲ್ಲಿನ ಅಧ್ಯಾಪಕ ಮ್ಯಾಲ್ಕಮ್ ಬ್ರಾಡ್‌ಬರಿಯವರೊಡನೆ ಮಾತಾಡಿದ್ದು, ‘ಸಂಸ್ಕಾರ’ ಕಾದಂಬರಿ ಹುಟ್ಟಿದ್ದು ನಿಮಗೆಲ್ಲ ಬಾಯಿಪಾಠ. ವಿದ್ಯಾರ್ಥಿವೇತನ ಶುಲ್ಕ ಕಟ್ಟಿತು, ಭತ್ಯೆ ಕೊಟ್ಟಿತು. ಬ್ರಾಡ್‌ಬರಿ ಕಿವಿಗೊಟ್ಟು ಕೇಳಿದ ಆ ಸಂಜೆಗೆ ಯಾವ ನಿಧಿಯೂ ಬೆಲೆ ಕಟ್ಟಲಿಲ್ಲ. ಕಟ್ಟಿದ್ದರೆ ಆ ಮಾತು ನಡೆಯುತ್ತಿತ್ತೇ? ಹೇಳಲಾರೆ.

ಆದರೆ ಬ್ರಾಡ್‌ಬರಿಯವರಿಗೆ ಸಂಬಳವಿತ್ತು, ಬಿಡುವಿತ್ತು. ನಮ್ಮ ವಾರ್ಡನ್ನರಿಗೆ ಎರಡನೆಯದು ಇರಲಿಲ್ಲ, ಮೊದಲನೆಯದು ಗುತ್ತಿಗೆಯ ಮೇಲೆ ಬರುತ್ತಿತ್ತು. ಹಳ್ಳಿಯ ಮುಯ್ಯಾಳು ಪದ್ಧತಿ ನೆನೆಯಿರಿ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತಿಲ್ಲ, ಗದ್ದೆಯ ಮನೆಯವರು ಊಟ ಹಾಕುತ್ತಾರೆ. ವಿನಿಮಯದವರು ಕನಸು ಕಾಣುವುದು ಇದನ್ನೇ. ಆದರೆ ಮುಯ್ಯಾಳಿಗೆ ಹೋಗಲು ನಿಮಗೂ ಗದ್ದೆ ಇರಬೇಕು. ಗದ್ದೆಯಿಲ್ಲದವನು ಕೂಲಿ ಕೇಳಬೇಕು. ಕೂಲಿ ಕೇಳಿದವನು ಮುಯ್ಯಾಳಲ್ಲ.

1963ರಲ್ಲಿ ಡಿ ಗಾಲ್ ಮತ್ತು ಆಡೆನಾವರ್ ಒಪ್ಪಂದದಿಂದ ಹುಟ್ಟಿದ ಫ್ರೆಂಚ್–ಜರ್ಮನ್ ಯುವಜನ ಕಚೇರಿಗೆ ಎರಡೂ ಸರ್ಕಾರಗಳು ಸಮಸಮ ಹಣ ಹಾಕುತ್ತವೆ. ಅದು ಇಂದಿಗೂ ಗಟ್ಟಿಯಾಗಿ ನಡೆದಿದೆ. ಇಬ್ಬರಿಗೂ ಗದ್ದೆ ಇತ್ತು. 2008ರಲ್ಲಿ ಭಾರತ ಅಮೆರಿಕದಷ್ಟೇ ಹಣ ಹಾಕಲೊಪ್ಪಿದ್ದರಿಂದ ಇಲ್ಲಿನ ಫುಲ್‌ಬ್ರೈಟ್ ವಿದ್ಯಾರ್ಥಿವೇತನಕ್ಕೆ ಫುಲ್‌ಬ್ರೈಟ್–ನೆಹರೂ ಎಂಬ ಹೆಸರು ಬಂತು. ದೆಹಲಿಗೆ ಗದ್ದೆ ಇತ್ತು. ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೂ ಬೀದರಿನ ಒಂದು ಸರ್ಕಾರಿ ಕಾಲೇಜಿಗೂ ನಡುವೆ ಸಮಸಮ ಎಂದರೆ ಏನು? ಕಾಲೇಜು ಕೂಲಿ ಕೇಳಬೇಕೇ, ಅಥವಾ ಉಪವಾಸ ಕೂತು ಊಟ ಹಾಕಬೇಕೇ? ಮೈಸೂರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಕನ್ನಡ ಕಲಿಸುತ್ತದೆ. ಕಲಿಸುವವರಿಗೆ ಸಂಬಳವಿದೆ, ಆದರೂ ಅಲ್ಲಿ ಕಲಿತು ಹೋದವರು ತಮ್ಮ ಮೇಷ್ಟರನ್ನು ನೆನೆಯುವ ರೀತಿ ಕೇಳಿದರೆ ಲಾಡ್ಜಿನ ವಾದ ಸ್ವಲ್ಪ ಅಲುಗಾಡುತ್ತದೆ. ಪೂರ್ತಿ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಸಂಬಳ ಪಾಠಕ್ಕೆ. ರಾತ್ರಿ ಕಲೆಸಿಕೊಟ್ಟ ಮೊಸರನ್ನಕ್ಕೆ ರಸೀದಿ ಎಲ್ಲಿಂದ ತರುವುದು?

ನಿಮ್ಮ ಚೀಲದಲ್ಲಿ ಸಂಘಟಕರು ಒಂದು ಮಾದರಿ ಒಪ್ಪಂದ ಪತ್ರ ಇಟ್ಟಿದ್ದಾರೆ. ಕೊನೆಯ ಪುಟ ತೆರೆಯಿರಿ. ಆಯಾ ಸಂಸ್ಥೆ ತನ್ನ ಖರ್ಚನ್ನು ತಾನೇ ಭರಿಸತಕ್ಕದ್ದು ಎಂಬ ಸಾಲು ಸಿಗುತ್ತದೆ. ನಾನು ಕಂಡ ಇಂಥ ಪತ್ರಗಳಲ್ಲೆಲ್ಲ ಇರುವ ಸಾಲೇ. ಮಧ್ಯಾಹ್ನದ ಗೋಷ್ಠಿಯ ಅಧ್ಯಕ್ಷರಲ್ಲಿ ನನ್ನ ವಿನಂತಿ: ಪ್ರಬಂಧ ಮಂಡನೆಗೆ ಮೊದಲು ಆ ಒಂದು ಸಾಲನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಏನು ಬರೆಯಬೇಕೆಂದು ಸಭೆಯನ್ನು ಕೇಳಿ. ಲೆಕ್ಕಪತ್ರ ವಿಭಾಗದವರನ್ನೂ ಕರೆಯಿರಿ, ಅವರನ್ನು ನಾವು ಸಂಕಿರಣಗಳಿಗೆ ಕರೆಯುವುದೇ ಇಲ್ಲ. ಮುಂದಿನ ಸಾಲಿನ ನನ್ನ ಮಿತ್ರರು ಖಂಡಿತ ವಿರೋಧಿಸುತ್ತಾರೆ, ವಿರೋಧಿಸಲಿ. ನಾನು ಹಿಂದೆ ಕೂತು ಕೇಳಿಸಿಕೊಳ್ಳುತ್ತೇನೆ.