ನೆಲೆ ತಪ್ಪಿದ ಮಕ್ಕಳ ವಿದ್ಯೆ

(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಗೊತ್ತುಪಡಿಸಿದ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು. ನೆಲೆ ತಪ್ಪಿ ಬಂದ ಜನರ ಮಕ್ಕಳಿಗೆ ವಿದ್ಯೆಯನ್ನು ಕಲಿಸುವಾಗ ಅವರ ಮನಸ್ಸಿಗೆ ಯಾವ ಬಗೆಯ ಆಸರೆಯನ್ನು ಕೊಡಬೇಕು ಎಂಬದೇ ಆ ವಿಷಯವು. ಇದನ್ನು ಈಗಿನ ವಿದ್ವಾಂಸರು ಆಪ್ತಸಮಾಲೋಚನೆ ಎಂದು ಕರೆಯುವರು.

ಈ ವಿಷಯಕ್ಕೂ ಮಠಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ತಲ್ಲಣಿಸಿದಾಗ ಶರಣರು ಮನೆಮಾರುಗಳನ್ನು ತೊರೆದು, ಚೆನ್ನಬಸವಣ್ಣನವರೊಡನೆ ಉಳವಿಯ ಕಾಡನ್ನು ಸೇರಿದರೆಂಬ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ವರ್ಷವರ್ಷವೂ ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ನಾವು. ಆ ಶರಣರ ಸಂಗಡ ಮಕ್ಕಳೂ ಇದ್ದಿರಬೇಕಲ್ಲವೆ? ರಾತ್ರಿಯಲ್ಲಿ ಬೆಚ್ಚಿಬಿದ್ದ ಆ ಮಕ್ಕಳ ಮೈದಡವಿದವರು ಯಾರು ಎಂದು ನಾವು ಯೋಚಿಸುವದು ವಿರಳ. ನಿರಾಶ್ರಿತರ ಕಥೆಯು ನಮಗೆ ಪರರ ಕಥೆಯಲ್ಲ.

ಉಳವಿಯಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ, ಹುಬ್ಬಳ್ಳಿಯಿಂದ ಸುಮಾರು 50 ಕಿಲೋಮೀಟರು ದೂರದ ಮುಂಡಗೋಡದಲ್ಲಿ, ಇಂಥ ಜನರ ಒಂದು ದೊಡ್ಡ ನೆಲೆಯಿದೆ. 1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದರು; ಅವರ ಹಿಂದೆಯೇ ಸಾವಿರಾರು ಜನರು ಹಿಮಾಲಯವನ್ನು ದಾಟಿದರು. ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡದ ಅಡವಿಯ ಸುಮಾರು 4000 ಎಕರೆ ಭೂಮಿಯಲ್ಲಿ ಅವರ ವಸತಿಯು ಆರಂಭವಾಯಿತು. ಗಾಂದೆನ್, ದ್ರೆಪುಂಗ್ ಎಂಬ ಅವರ ಮಹಾಮಠಗಳು ತಾಯ್ನಾಡಿನಲ್ಲಿ ಹಾಳಾದ ಮೇಲೆ ಇಲ್ಲಿ ಮರಳಿ ತಲೆಯೆತ್ತಿದವು.

ಆ ಜನರು ತಮ್ಮ ಮಕ್ಕಳ ವಿಷಯದಲ್ಲಿ ಮಾಡಿದ ಮೊದಲನೆಯ ಕಾರ್ಯವು ನಮಗೆ ಪಾಠವಾಗತಕ್ಕದ್ದು. ಬಂದ ಹೊಸದರಲ್ಲಿ ದೊಡ್ಡವರು ಹಿಮಾಲಯದ ರಸ್ತೆಗಳನ್ನು ಕಡಿಯುವ ಕೂಲಿಗೆ ಸೇರಿದರು. ಕೂಲಿಯ ಬಿಡಾರಗಳಲ್ಲಿ ಮಕ್ಕಳು ರೋಗದಿಂದಲೂ ಹಸಿವಿನಿಂದಲೂ ಸೊರಗಿದರು. 1960ನೆಯ ಮೇ 17ರಂದು ಜಮ್ಮುವಿನ ಕಡೆಯ ಬಿಡಾರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ದಲಾಯಿ ಲಾಮಾ ಅವರ ಅಕ್ಕನವರಾದ ತ್ಸೇರಿಂಗ್ ಡೋಲ್ಮಾ ಅವರು ಆ ಮಕ್ಕಳ ಭಾರವನ್ನು ಹೊತ್ತರು. ಅದೇ ಮುಂದೆ ಟಿಬೆಟ್ಟಿನ ಮಕ್ಕಳ ಗ್ರಾಮವೆಂಬ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ಮಕ್ಕಳನ್ನು ದೊಡ್ಡ ಪಡಸಾಲೆಯಲ್ಲಿ ಸಾಲಾಗಿ ಮಲಗಿಸುವ ಪದ್ಧತಿಯನ್ನು ಬಿಟ್ಟು, ಚಿಕ್ಕ ಚಿಕ್ಕ ಮನೆಗಳನ್ನು ಮಾಡಿ, ಮನೆಗೊಬ್ಬ ಸಾಕುತಾಯಿಯನ್ನು ನೇಮಿಸಿದರು. ಅಕ್ಷರಕ್ಕಿಂತ ಮೊದಲು ತಾಯಿ ಬೇಕೆಂಬ ಮರ್ಮವನ್ನು ಅವರು ಅರಿತಿದ್ದರು.

ಈಗಿನ ಮಕ್ಕಳಲ್ಲಿ ಬಹು ಜನರು ಇಲ್ಲಿಯೇ ಹುಟ್ಟಿದವರು. ಅವರಿಗೇನು ದುಃಖವೆಂದು ಕೇಳಬಹುದು. ಚಳಿಗಾಲದಲ್ಲಿ ಸ್ವೆಟರುಗಳನ್ನು ಮಾರಲು ಪೇಟೆಗಳಿಗೆ ಬರುವ ಟಿಬೆಟ್ಟಿನ ದಂಪತಿಗಳನ್ನು ನೀವು ಕಂಡಿರುವಿರಿ. ಅವರು ತಿಂಗಳುಗಟ್ಟಲೆ ಪರಸ್ಥಳದಲ್ಲಿದ್ದಾಗ ಮಕ್ಕಳು ಅಜ್ಜ ಅಜ್ಜಿಯರ ಬಳಿಯಲ್ಲಿಯೋ ವಸತಿಶಾಲೆಯಲ್ಲಿಯೋ ಉಳಿಯುವರು. ಮಠಗಳಲ್ಲಿರುವ ಎಷ್ಟೋ ಭಿಕ್ಷುಗಳು ಬಾಲ್ಯದಲ್ಲಿ ತಂದೆತಾಯಿಗಳಿಲ್ಲದೆ ಹಿಮದ ಕಣಿವೆಗಳನ್ನು ದಾಟಿ ನೇಪಾಳದ ಮಾರ್ಗವಾಗಿ ಬಂದವರು. 2008ರ ತರುವಾಯ ಗಡಿಯ ಕಾವಲು ಬಿಗಿಯಾಗಿ, ಹಾಗೆ ಬರುವವರ ಸಂಖ್ಯೆಯು ತೀರ ಇಳಿಯಿತು. ತಾನು ಹುಟ್ಟಿದ ನೆಲದಲ್ಲಿಯೇ ಪರದೇಶಿಯೆಂಬ ನೋಂದಣಿಪತ್ರವನ್ನು ಹಿಡಿದುಕೊಂಡಿರಬೇಕಾದ ತರುಣನಿಗೆ, ಓದಿ ಮುಂದೇನೆಂಬ ಪ್ರಶ್ನೆಯು ನಮ್ಮ ಮಕ್ಕಳಿಗಿಂತ ಹೆಚ್ಚು ಭಾರವಾಗಿರುವದು ಸಹಜವು.

ಇಂಥ ಭಾರವು ಶಾಲೆಯಲ್ಲಿ ತನ್ನ ನಿಜರೂಪದಿಂದ ಕಾಣಿಸಿಕೊಳ್ಳುವದಿಲ್ಲ. ನಿನ್ನೆ ಕಲಿತ ಪಾಠವು ಇಂದು ನೆನಪಿಗೆ ಬಾರದು. ವೈದ್ಯನಿಗೆ ಕಾರಣ ಸಿಕ್ಕದ ಹೊಟ್ಟೆನೋವು ಬರುವದು. ರಾತ್ರಿ ನಿದ್ರೆಯಿಲ್ಲ, ಹಗಲು ತೂಕಡಿಕೆ. ಸಣ್ಣ ಮಾತಿಗೆ ಜಗಳ, ಇಲ್ಲವೆ ದಿನವೆಲ್ಲ ಮೌನ. ಇದನ್ನು ಕಂಡ ಶಿಕ್ಷಕನು ಹುಡುಗನನ್ನು ಮಂದಬುದ್ಧಿಯವನೆಂದೋ ಮೊಂಡನೆಂದೋ ತಿಳಿಯುವನು. ನಿಜವೇನೆಂದರೆ, ಹೆದರಿದ ಮನಸ್ಸು ಸದಾ ಅಪಾಯವನ್ನು ಕಾಯುತ್ತಿರುವದರಿಂದ ಪಾಠದ ಕಡೆಗೆ ಕೊಡಲು ಅದರಲ್ಲಿ ಲಕ್ಷ್ಯವು ಉಳಿದಿರುವದಿಲ್ಲ. ಛಡಿಯು ಆ ಭಯವನ್ನು ಇಮ್ಮಡಿಸುವದಲ್ಲದೆ ವಿದ್ಯೆಯನ್ನು ತರಲಾರದು.

ಹಾಗಾದರೆ ಮಾಡತಕ್ಕದ್ದೇನು? ಜಗತ್ತಿನ ಆರೋಗ್ಯ ಸಂಸ್ಥೆಯವರು 2011ರಲ್ಲಿ ಹೊರಡಿಸಿದ ಕೈಪಿಡಿಯು ಇದನ್ನು ಮೂರು ಮಾತುಗಳಲ್ಲಿ ಅಡಗಿಸಿದೆ: ನೋಡು, ಕೇಳು, ಜೋಡಿಸು. ಯಾವ ಮಗುವು ಬಾಡಿದೆಯೆಂದು ನೋಡಬೇಕು. ಅದು ಹೇಳಿದಷ್ಟನ್ನು ಕೇಳಬೇಕು; ಹೇಳಲೊಲ್ಲದ್ದನ್ನು ಕೆದಕಿ ಹೊರಡಿಸಬಾರದು. ಬಳಿಕ ಬೇಕಾದ ಸಹಾಯದೊಡನೆ, ತನ್ನವರೊಡನೆ ಅದನ್ನು ಜೋಡಿಸಬೇಕು. ನಿಜವಲ್ಲದ ಭರವಸೆಯನ್ನು ಎಂದೂ ಕೊಡಬಾರದು. ಮೋಸಹೋದ ಮಗುವು ಮತ್ತೆ ಬಾಯಿ ಬಿಡದು. ಊಟ, ಪಾಠ, ಆಟ, ನಿದ್ರೆಗಳು ಗೊತ್ತಾದ ಹೊತ್ತಿಗೆ ನಡೆಯುವದು ಸ್ವತಃ ಒಂದು ಔಷಧವು. ನಾಳೆ ಏನಾಗುವದೆಂದು ತಿಳಿಯದೆ ಬದುಕಿದವನಿಗೆ ತಪ್ಪದೆ ಬಾರಿಸುವ ಶಾಲೆಯ ಗಂಟೆಯೂ ಧೈರ್ಯವನ್ನು ಕೊಡುವದು.

ಎರಡನೆಯದಾಗಿ, ಮಗುವಿನ ನುಡಿಯನ್ನೂ ನಂಬಿಕೆಯನ್ನೂ ಗೌರವಿಸಬೇಕು. ಟಿಬೆಟ್ಟಿನವರು ಮನಸ್ಸಿನ ಕಳವಳವನ್ನು 'ಸೋಕ್ ಲುಂಗ್', ಅಂದರೆ ಪ್ರಾಣವಾಯುವಿನ ಕೆರಳಿಕೆ, ಎನ್ನುವರು. ನಮ್ಮ ತಾಯಂದಿರು 'ಜೀವ ಕಳವಳಿಸುತ್ತದೆ' ಎನ್ನುವದಿಲ್ಲವೆ? ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿದರೆ ಮಗುವನ್ನೇ ತಳ್ಳಿದಂತಾಗುವದು. ಭಾರತದಲ್ಲಿರುವ ಟಿಬೆಟ್ಟಿನ ನಿರಾಶ್ರಿತರನ್ನು ವಿಚಾರಿಸಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಧಾರ್ಮಿಕ ಚಿಹ್ನೆಗಳ ನಾಶವೆಂದು ಅವರು ಹೇಳಿದರು. ಆದ ಕಾರಣ ಅಂಥ ಮಗುವಿಗೆ ಅನ್ನವನ್ನಿಕ್ಕುವ ಯಾರೇ ಆಗಲಿ, ಅದರ ಪ್ರಾರ್ಥನೆಯನ್ನು ಬಿಡಿಸಿ ತಮ್ಮದನ್ನು ಹೇರಕೂಡದು. ಅಳಿದುಳಿದ ಒಂದೇ ನೆಲೆಯನ್ನು ಕಿತ್ತುಕೊಂಡು ಆಶ್ರಯ ಕೊಟ್ಟೆವೆಂದರೆ ಅದು ಆಶ್ರಯವಾಗದು.

ಇಲ್ಲಿ ನಮಗೆ ಕಠಿಣವಾದ ಒಂದು ಮಾತನ್ನು ಅರಿಕೆ ಮಾಡಬೇಕಾಗಿದೆ. ಮಠಗಳಲ್ಲಿ ಬೆಳೆದ ನಮಗೆ ಉಪದೇಶ ಮಾಡುವ ರೂಢಿಯು ಬಹಳ. ಅಳುವ ಮಗುವಿಗೆ ಕೂಡಲೇ ನೀತಿಯನ್ನು ಹೇಳುವೆವು. 'ಎಲ್ಲವೂ ಹಣೆಬರಹ, ಮರೆತುಬಿಡು' ಎನ್ನುವೆವು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ಅದು ಮಗುವಿನ ಬಾಯಿಯನ್ನು ಕಟ್ಟುವದು. ನೊಂದವನ ಬಳಿ ಸುಮ್ಮನೆ ಕುಳಿತು ಕೇಳುವದು ಉಪದೇಶಕ್ಕಿಂತ ಕಷ್ಟವಾದ ಸೇವೆಯು. ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಸಿಕೊಂಡು ಬಂದ ಭಕ್ತಮಂಡಲಿಗೆ ಕಿವಿಯ ದಾಸೋಹವು ಅಸಾಧ್ಯವಾಗಲಾರದು.

ಎಲ್ಲ ಮಕ್ಕಳಿಗೂ ವೈದ್ಯರು ಬೇಕಾಗಿಲ್ಲ. ಅನ್ನ, ಅಭಯ, ಶಾಲೆ ಇವು ಎಲ್ಲರಿಗೂ ಬೇಕು; ಮನೆಯವರ ಮತ್ತು ನೆರೆಯವರ ಆಸರೆಯು ಹಲವರಿಗೆ ಬೇಕು; ತರಬೇತಿ ಪಡೆದವರ ಸಮಾಲೋಚನೆಯು ಕೆಲವರಿಗೆ; ಮನೋವೈದ್ಯರ ಚಿಕಿತ್ಸೆಯು ಅತಿ ಸ್ವಲ್ಪ ಜನರಿಗೆ. 2007ರಲ್ಲಿ ವಿಶ್ವಸಂಸ್ಥೆಯ ಅಂಗಗಳೂ ಇತರ ಸೇವಾಸಂಸ್ಥೆಗಳೂ ಕೂಡಿ ಹಾಕಿಕೊಟ್ಟ ಮೇಲ್ಪಂಕ್ತಿಯು ಇದೇ. ಆದರೆ ಮಗುವು ಸಾಯುವ ಮಾತನ್ನಾಡಿದರೆ, ವಾರಗಟ್ಟಲೆ ಉಣ್ಣದೆ ನಿದ್ರಿಸದೆ ಇದ್ದರೆ, ತಡಮಾಡದೆ ವೈದ್ಯರ ಬಳಿ ಒಯ್ಯಬೇಕು. 'ಧಾರವಾಡಕ್ಕೆ ಕಳಿಸಬೇಕು' ಎಂಬದು ನಮ್ಮ ಸೀಮೆಯಲ್ಲಿ ಅಣಕದ ಮಾತಾಗಿಬಿಟ್ಟಿದೆ. 1845ರಷ್ಟು ಹಿಂದೆ ಹುಟ್ಟಿ, ಈಗ ಡಿಮ್ಹಾನ್ಸ್ ಎಂದು ಕರೆಯಿಸಿಕೊಳ್ಳುವ ಆ ಆಸ್ಪತ್ರೆಯು ಅಣಕಕ್ಕೆ ಪಾತ್ರವಾದುದಲ್ಲ, ಉಪಯೋಗಕ್ಕೆ ಪಾತ್ರವಾದುದು. 2022ರ ಅಕ್ಟೋಬರದಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿಯ ನೆರವು 14416 ಎಂಬ ಸಂಖ್ಯೆಯಲ್ಲಿ ದೊರೆಯುವದು.

ನಮ್ಮ ಬಡವರ ಮಕ್ಕಳೇ ಇರುವಾಗ ಪರದೇಶದವರ ಚಿಂತೆಯೇಕೆಂದು ಕೆಲವರು ಅನ್ನಬಹುದು. 2009ರಲ್ಲಿಯೂ 2019ರಲ್ಲಿಯೂ ನೆರೆ ಬಂದು ನಮ್ಮ ಉತ್ತರ ಕರ್ನಾಟಕದ ಎಷ್ಟೋ ಊರುಗಳ ಮಕ್ಕಳು ಮನೆ, ಪಾಟಿ, ಪುಸ್ತಕಗಳನ್ನು ಕಳೆದುಕೊಂಡು ಗಂಜಿಕೇಂದ್ರಗಳಲ್ಲಿ ಮಲಗಿದರು. ಮಳೆಯ ಸಪ್ಪಳಕ್ಕೆ ಬೆಚ್ಚುವ ಮಗುವು ಯಾವ ದೇಶದ್ದಾದರೇನು? ಒಬ್ಬರಿಗಾಗಿ ಕಲಿತ ಆರೈಕೆಯು ಇನ್ನೊಬ್ಬರಿಗೂ ಒದಗುವದು.

ಕೊನೆಗೆ ಈ ಮಹೋತ್ಸವದ ನಿಮಿತ್ತ ಭಕ್ತಮಂಡಲಿಯಲ್ಲಿ ಮೂರು ವಿಜ್ಞಾಪನೆಗಳು. ಮಠದ ಪ್ರತಿಯೊಂದು ಪ್ರಸಾದನಿಲಯದಲ್ಲಿ ಮಕ್ಕಳ ಮಾತನ್ನು ಕೇಳುವ ಒಬ್ಬರಿಗಾದರೂ ತಕ್ಕ ತರಬೇತಿಯನ್ನು ಕೊಡಿಸಬೇಕು. ನಮ್ಮ ಶಾಲೆಗಳಿಂದ ಛಡಿಯು ಪೂರ್ಣವಾಗಿ ಹೊರಬೀಳಬೇಕು. ಮುಂಡಗೋಡದ ನೆರೆಯವರೊಡನೆ ನಮ್ಮ ವಿದ್ಯಾರ್ಥಿಗಳು ಆಟದಲ್ಲಿಯೂ ಪಾಠದಲ್ಲಿಯೂ ಬೆರೆಯುವಂತೆ ಏರ್ಪಾಡಾಗಬೇಕು. ಇವುಗಳಿಗೆ ಬೇಕಾದ ದ್ರವ್ಯವು ಅಲ್ಪ, ತಾಳ್ಮೆಯು ಅಪಾರ. ಆ ತಾಳ್ಮೆಯು ನಮ್ಮಲ್ಲಿ ಮೂಡಲೆಂದು ಹಾರೈಸುವೆನು.