ಗಾಯರಾಣದ ರಕ್ಷಣೆ



ಊರ ದನಕರುಗಳು ಮೇಯುವ ಸಾರ್ವಜನಿಕ ಭೂಮಿಗೆ ನಮ್ಮ ಸೀಮೆಯಲ್ಲಿ ಗಾಯರಾಣವೆಂದು ಹೆಸರು. ಹೊಲಕ್ಕೆ ಒಬ್ಬನು ಒಡೆಯನು. ಗಾಯರಾಣಕ್ಕೆ ಊರೆಲ್ಲವೂ ಒಡೆಯರು. ಆದಕಾರಣ ಕಾಯುವವರು ವಿರಳ. ನೂರು ದನಗಳಿಗೆ 12 ಹೆಕ್ಟೇರು ಹುಲ್ಲುಗಾವಲನ್ನು ಕಾದಿರಿಸಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ವಿಧಿಸಿರುವುವು. ನಿಯಮವೇನೋ ಕಾಗದದಲ್ಲಿದೆ, ಕಾಗದವನ್ನು ಮೇಯುವ ದನಗಳು ಪೇಟೆಯಲ್ಲಿ ಮಾತ್ರ ಇರುವುವು.

1984ರಲ್ಲಿ ಸರಕಾರವು, ಗದಗ ಸೀಮೆಯನ್ನೊಳಗೊಂಡಿದ್ದ ಅಂದಿನ ಧಾರವಾಡವೂ ಸೇರಿ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಒಪ್ಪಿಸಲು ನಿಶ್ಚಯಿಸಿತು. ಅಲ್ಲಿ ನೀಲಗಿರಿ ಬೆಳೆಯತೊಡಗಿತು. ನೋಟಕ್ಕೆ ಹಸುರೇ, ಆದರೆ ಆ ಎಲೆಗೆ ದನವು ಬಾಯಿ ಹಾಕದು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಅದೇ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. 1991ರಲ್ಲಿ ಆ ಸಂಸ್ಥೆಯು ಮುಚ್ಚಲ್ಪಟ್ಟಿತು.

ಕೀಳುವುದು ಒಂದು ದಿನದ ಕಾರ್ಯ. ಹಚ್ಚಿದುದನ್ನು ಕಾಯುವುದು ಹಲವು ವರುಷಗಳ ಕಾರ್ಯ. ಗಾಯರಾಣವೆಲ್ಲಕ್ಕೂ ಬೇಲಿ ಬಿಗಿದರೆ ಭೂಮಿಯಿಲ್ಲದವನ ಆಕಳು ಉಪವಾಸ ಬೀಳುವುದು. ಪೂರ್ತಿ ಬಿಟ್ಟುಕೊಟ್ಟರೆ ಹುಲ್ಲಿನ ಬೇರೂ ಉಳಿಯದು. ಅದನ್ನು ಮೂರು ಭಾಗ ಮಾಡಿ, ವರುಷಕ್ಕೊಂದನ್ನು ಮುಂಗಾರಿನಿಂದ ಹುಲ್ಲು ಬೀಜಕಟ್ಟಿ ಉದುರುವವರೆಗೆ ಮುಚ್ಚಿರಿಸಿ, ಬಳಿಕ ಮನೆಗಿಷ್ಟೆಂದು ಕೊಯ್ಯಗೊಡುವುದು ಲೇಸು. ಈ ಸರದಿಯನ್ನು ಗೊತ್ತುಮಾಡುವ ಸಭೆಗೆ ಹೊಲವುಳ್ಳ ಹಿರಿಯರು ಹೇಗೂ ಬರುವರು. ಕುರಿಗಾಹಿಗಳನ್ನೂ ಸೌದೆ ಆಯುವ ತಾಯಂದಿರನ್ನೂ ಮೊದಲು ಕರೆಯಿರಿ; ಮುಚ್ಚುವ ಭಾಗ ಯಾವುದೆಂಬುದನ್ನು ಅವರ ಬಾಯಿಂದಲೇ ಕೇಳಿರಿ. ಮೇರೆಯನ್ನು ಅಳೆಯಿಸಿ ಕಲ್ಲು ನೆಡಿಸುವ ಕೆಲಸವು ಬರುವ ಮುಂಗಾರಿನೊಳಗಾಗಿ ಮುಗಿಯಲೆಂದು ತಮ್ಮಲ್ಲಿ ವಿಜ್ಞಾಪಿಸುವೆನು.