ನಾಯಕನ ಮರವೆ



ಆಂಗ್ಲ ಗ್ರಂಥಕರ್ತರಾದ ವಿಲಿಯಂ ಗೋಲ್ಡಿಂಗರು 1954ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯಲ್ಲಿ, ನಿರ್ಜನ ದ್ವೀಪದಲ್ಲಿ ಸಿಲುಕಿದ ಬಾಲಕರು ರಾಲ್ಫನೆಂಬವನನ್ನು ನಾಯಕನನ್ನಾಗಿ ಆರಿಸುವರು. ಶಂಖವನ್ನು ಹಿಡಿದವನಿಗೇ ಮಾತು. ಹಡಗಿನವರಿಗೆ ಕಾಣುವಂತೆ ಬೆಟ್ಟದ ಮೇಲೆ ಬೆಂಕಿ. ಇವೆರಡು ಅವನ ಮುಖ್ಯ ಕಟ್ಟಳೆ.

ಬಾಲಕರು ಜ್ಯಾಕನ ಬೇಟೆಗೆ ಮರುಳಾದಂತೆ ಕಟ್ಟಳೆಯು ಸಡಿಲಿತು. ಅದರೊಡನೆ ರಾಲ್ಫನ ಚಿತ್ತವೂ ಸಡಿಲಿತು. ಮಾತಿನ ನಡುವೆ ಬುದ್ಧಿಗೆ ತೆರೆ ಬೀಳುವುದು. ಬೆಂಕಿಯು ಏತಕ್ಕೆಂಬುದೇ ನೆನಪಿಗೆ ಬಾರದು. ಮೊದಲು ತಾನು ಹಾಸ್ಯಮಾಡಿದ್ದ ಪಿಗ್ಗಿಯೇ ಅದನ್ನು ನೆನಪಿಸಬೇಕಾಯಿತು. ಸೈಮನ್ನನನ್ನು ಕೊಂದ ಗುಂಪಿನಲ್ಲಿ ತಾನೂ ಇದ್ದೆನೆಂದು ಅರಿತಮೇಲೆ ಅವನಿಗೆ ತನ್ನವರ ಭಯ, ತನ್ನದೇ ಭಯ. ಪಿಗ್ಗಿಯು ಸತ್ತು ಶಂಖವು ಪುಡಿಯಾದ ಬಳಿಕ ನಾಯಕನೇ ಬೇಟೆಯ ಮೃಗವಾದನು.

ಕಡೆಗೆ ನೌಕಾಧಿಕಾರಿಯೆದುರು ಅವನು ಬಿಕ್ಕಿ ಅತ್ತುದು ಆ ಗೆಳೆಯನಿಗಾಗಿಯೂ ಅಹುದು. ನೆನಪಿಸುವವನನ್ನು ಕಾಪಾಡದ ನಾಯಕನಿಗೆ ತನ್ನ ನೆನಪೂ ಉಳಿಯದು.